ಬಾಗಲಗುಂಟೆಯ ತಾರಸಿಯಲ್ಲಿ ಒಂದು ಸ್ಟೇಕ್

ಪೀಣ್ಯದ ನಮ್ಮ ಕಾರ್ಖಾನೆಗೆ ಗೇರ್ ಉಜ್ಜುವ ಹೊಸ ಯಂತ್ರ ಬಂದಾಗ ಅದನ್ನು ಕೂರಿಸಲು ಅರ್ಜೆಂಟೀನಾದಿಂದ ಒಬ್ಬ ಇಂಜಿನಿಯರ್ ಬಂದರು. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು. ಮೂಗಿನ ತುದಿಗೆ ಜಾರುವ ಕನ್ನಡಕವನ್ನು ಮೊಣಕೈಯಿಂದ ಮೇಲೆ ತಳ್ಳುವುದು ಅವರ ಅಭ್ಯಾಸ. ಕೈಗೆ ಸದಾ ಗ್ರೀಸ್ ಮೆತ್ತಿರುತ್ತಿತ್ತು. ಏಳು ವಾರ ಅವರ ಜೊತೆಗಿದ್ದು ಆ ಯಂತ್ರದ ಒಳಹೊರಗು ಕಲಿಯಬೇಕೆಂದು ನಿರ್ವಹಣಾ ವಿಭಾಗದಲ್ಲಿದ್ದ ನನ್ನನ್ನು ಹಾಕಿದರು. "ಅವ್ರ ಊಟ ತಿಂಡಿನೂ ನೀವೇ ಸ್ವಲ್ಪ ನೋಡ್ಕೊಂಬಿಡಿ ಮೇಡಂ" ಎಂದು ಮ್ಯಾನೇಜರ್ ಸೇರಿಸಿದರು.

ಮೊದಲ ಮೂರು ವಾರ ಅವರು ಯಾವುದಕ್ಕೂ ತಕರಾರು ಮಾಡಲಿಲ್ಲ. ಕ್ಯಾಂಟೀನಿನ ಅನ್ನ ಸಾರು, ಚಪಾತಿ ಪಲ್ಯ, ಬುಧವಾರದ ಬಿಸಿಬೇಳೆಬಾತು, ಎಲ್ಲವನ್ನೂ ತಟ್ಟೆ ಖಾಲಿಯಾಗುವವರೆಗೆ ತಿಂದರು. ಮಜ್ಜಿಗೆಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಫೋನನ್ನು ನನ್ನ ಮುಂದೆ ಹಿಡಿದರು. ಟವಲಿನಲ್ಲಿ ಸುತ್ತಿದ ಹಸುಗೂಸು, ಮುಷ್ಟಿ ಬಿಗಿಹಿಡಿದು ಅಳುತ್ತಿತ್ತು. ಅವರ ಮಗಳಿಗೆ ಹಿಂದಿನ ದಿನ ಹೆಣ್ಣುಮಗು ಹುಟ್ಟಿತ್ತು, ಡಾಕ್ಟರು ಹೇಳಿದ ದಿನಕ್ಕಿಂತ ಒಂದು ತಿಂಗಳು ಮುಂಚೆಯೇ. ಹೆರಿಗೆಯ ವೇಳೆಗೆ ಊರು ಸೇರುವ ಲೆಕ್ಕದಲ್ಲಿ ಇಲ್ಲಿಗೆ ಹೊರಟುಬಂದಿದ್ದರು.

ನಾನು ಅಭಿನಂದಿಸಿದೆ. ಕ್ಯಾಂಟೀನಿನಿಂದ ಮೈಸೂರುಪಾಕು ತರಿಸಿ ಎಲ್ಲರಿಗೂ ಹಂಚಿದೆವು. ಅವರ ಇಂಗ್ಲಿಷ್ ನಿಧಾನ. ಒಂದೊಂದೇ ಪದ ಹುಡುಕಿ ಇಡುತ್ತಿದ್ದರು. "ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಅಜ್ಜ ಬೆಂಕಿ ಹಾಕಬೇಕು" ಎಂದರು. "ಮಾಂಸ ಸುಡಬೇಕು. ನನ್ನ ಮಗಳು ಹುಟ್ಟಿದಾಗ ನನ್ನ ಅಪ್ಪ ಸುಟ್ಟಿದ್ದರು. ಇಲ್ಲಿ ಒಂದು ಒಳ್ಳೆಯ ಸ್ಟೇಕ್ ಎಲ್ಲಿ ಸಿಗುತ್ತದೆ?"

ಕೇಳಬಾರದವಳನ್ನು ಕೇಳಿದ್ದರು. ನಮ್ಮದು ಹಾವೇರಿ ಕಡೆಯ ಲಿಂಗಾಯತ ಮನೆತನ. ಕೊರಳಲ್ಲಿ ಲಿಂಗವಿದೆ, ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಸ್ಟೇಕ್ ಎಂದರೆ ದಪ್ಪಗೆ ಕತ್ತರಿಸಿ ಸುಟ್ಟ ದನದ ಮಾಂಸ ಎಂಬುದಷ್ಟು ಗೊತ್ತಿತ್ತು. ಆದರೂ ಆ ಫೋಟೋ ನೋಡಿದ ಮೇಲೆ ಇಲ್ಲ ಅನ್ನಲಾಗಲಿಲ್ಲ. "ಹುಡುಕೋಣ ಸಾರ್" ಎಂದೆ.

ಶನಿವಾರ ಮಧ್ಯಾಹ್ನ ಅವರನ್ನು ಮೆಟ್ರೋ ಹತ್ತಿಸಿದೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಊರಿನ ಈ ತುದಿಯಿಂದ ಆ ತುದಿಗೆ, ವೈಟ್‌ಫೀಲ್ಡ್ ಕಡೆಗೆ ಹೋದೆವು. ಅಲ್ಲೊಂದು ದೊಡ್ಡ ಹೋಟೆಲಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಬಹಳ ಹೊಗಳಿದ್ದರು. ನನಗೆ ನಿಂಬೆಹಣ್ಣಿನ ಶರಬತ್ತು, ಅವರಿಗೆ ಸ್ಟೇಕ್. ಅದು ಬಂದಾಗ ಕಂದು ಬಣ್ಣದ ಸಾಸಿನಲ್ಲಿ ಮುಳುಗಿತ್ತು, ಮೇಲೊಂದು ಹೂಕೋಸಿನ ತುಂಡು. ಅವರು ಚಾಕುವಿನಿಂದ ಕೊಯ್ದರು, ಅಗಿದರು, ಇನ್ನೂ ಅಗಿದರು. ಪರಿಚಾರಕ ಬಂದು "ಹೇಗಿದೆ ಸಾರ್?" ಎಂದಾಗ ಹೆಬ್ಬೆರಳೆತ್ತಿ ನಕ್ಕರು. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನಮ್ಮ ಕ್ಯಾಂಟೀನಿನಲ್ಲಿ ಒಂದು ಅಗುಳೂ ಬಿಡದ ಮನುಷ್ಯ.

ವಾಪಸ್ಸಿನ ರೈಲಿನಲ್ಲಿ ನಾನೇ ಕೇಳಿದೆ. "ನಿಜ ಹೇಳಿ ಸಾರ್, ಚೆನ್ನಾಗಿರಲಿಲ್ಲ ಅಲ್ವಾ?"

ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. "ಅಡುಗೆಯವನ ತಪ್ಪಲ್ಲ. ಅವನ ಹತ್ತಿರ ಬೆಂಕಿ ಇಲ್ಲ, ಗ್ಯಾಸ್ ಇದೆ" ಎಂದರು. ಆಮೇಲೆ ಚೀಲದಿಂದ ತಪಾಸಣೆಯ ಹಾಳೆಯೊಂದನ್ನು ತೆಗೆದು, ಅದರ ಹಿಂಬದಿಯಲ್ಲಿ, ಅಲುಗುವ ರೈಲಿನಲ್ಲೇ, ಒಂದು ಚಿತ್ರ ಬರೆದರು. ಕಬ್ಬಿಣದ ಚೌಕಟ್ಟು, ಅದರಲ್ಲಿ ಸರಳುಗಳ ಜಾಲರಿ, ಪಕ್ಕದಲ್ಲೊಂದು ತಿರುಗಿಸುವ ಹಿಡಿ. ಹಿಡಿ ತಿರುಗಿಸಿದರೆ ಜಾಲರಿ ಕೆಂಡದ ಹತ್ತಿರಕ್ಕೆ ಇಳಿಯುತ್ತದೆ, ದೂರಕ್ಕೆ ಏರುತ್ತದೆ. ಅವರ ಮನೆಯ ಹಿತ್ತಲಲ್ಲಿದ್ದದ್ದು ಅದೇ ಅಂತೆ.

ಮಾಂಸದ ಅಡುಗೆಯ ವಿಷಯದಲ್ಲಿ ನಾನು ಅಲ್ಲಿಯವರೆಗೆ ಕುರುಡಿಯಾಗಿದ್ದೆ. ಆದರೆ ಈ ಚಿತ್ರ ನನಗೆ ಅರ್ಥವಾಯಿತು. ಇದು ನನ್ನ ಕೆಲಸ.

ಸೋಮವಾರ ಅದನ್ನು ಅಳತೆ ಹಾಕಿ ನೀಟಾಗಿ ಬರೆದು ನಮ್ಮ ವೆಲ್ಡರ್‌ಗೆ ಕೊಟ್ಟೆ. ಅವರು ಕ್ರೈಸ್ತರು, ಬಾಗಲಗುಂಟೆಯಲ್ಲಿ ಸ್ವಂತದ ಪುಟ್ಟ ಮನೆ ಕಟ್ಟಿಕೊಂಡು ಹೆಂಡತಿಯೊಂದಿಗೆ ಇದ್ದರು. ಇಪ್ಪತ್ತು ವರ್ಷದಿಂದ ಇದೇ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವರು. ಚಿತ್ರ ನೋಡಿ, "ಇದೇನ್ ಮೇಡಂ, ಜ್ಯಾಕ್ ಥರ ಇದೆ, ಒಲೆ ಥರಾನೂ ಇದೆ?" ಎಂದರು. ವಿಷಯ ಹೇಳಿದೆ.

"ಅಯ್ಯೋ, ಮೊದ್ಲೇ ನನ್ನ ಕೇಳ್ಬಾರ್ದಿತ್ತಾ? ಮಾಂಸ ನಾನ್ ತರ್ತೀನಿ. ನಮ್ಮನೇಲೇ ಮಾಡಣ, ಭಾನುವಾರ. ಚರ್ಚ್ ಮುಗಿಸ್ಕೊಂಡು ಬಂದ್ಬಿಡ್ತೀವಿ, ಆಮೇಲೆ ಫ್ರೀ."

ಮ್ಯಾನೇಜರರ ಒಪ್ಪಿಗೆ ಪಡೆದು ವೆಲ್ಡರ್ ಊಟದ ವಿರಾಮಗಳಲ್ಲಿ ತುಂಡು ಕಬ್ಬಿಣದಿಂದ ಅದನ್ನು ಮಾಡಿದರು. ಜಾಲರಿಗೆ ಮೊದಲು ಸತುವಿನ ಲೇಪನವಿದ್ದ ಸರಳುಗಳನ್ನು ಆರಿಸಿದ್ದರು. ಅದು ಬಿಸಿಗೆ ವಿಷದ ಹೊಗೆ ಬಿಡುತ್ತದೆಂದು ನಾನು ಬೇಡ ಎಂದೆ. ಸ್ಟೀಲ್ ಸರಳು ಹುಡುಕಿಕೊಟ್ಟೆ. ಅರ್ಜೆಂಟೀನಾದವರು ಬಂದು ಹಿಡಿ ತಿರುಗಿಸಿ ನೋಡಿದರು. ಜಾಲರಿ ಮಟ್ಟವಾಗಿ ಏರಿತು, ಮಟ್ಟವಾಗಿ ಇಳಿಯಿತು. ಯಂತ್ರದ ಮೇಲಿಡುವ ಮಟ್ಟಗೋಲನ್ನೇ ತಂದು ಅದರ ಮೇಲಿಟ್ಟು ನೋಡಿ, ವೆಲ್ಡರ್‌ನ ಭುಜ ತಟ್ಟಿದರು.

ಭಾನುವಾರ ಹೊರಡುವ ಮುಂಚೆ, ನಮ್ಮ ಜೊತೆಗೇ ಇರುವ ಅತ್ತೆಗೆ ಕಾರ್ಖಾನೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿದೆ. ಜೋಳದ ಹಿಟ್ಟು, ಶೇಂಗಾ ಚಟ್ನಿ, ನಾಲ್ಕು ಬದನೆಕಾಯಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಅವರು ನೋಡಿದರು.

ವೆಲ್ಡರ್ ಎಮ್ಮೆ ಮಾಂಸ ತಂದಿದ್ದರು. ಬೆನ್ನೆಲುಬಿನ ಕೆಳಗಿನ ಮೆತ್ತನೆಯ ಭಾಗ, ಅಂಗಡಿಯವರು ಅಂಡರ್‌ಕಟ್ ಅನ್ನುವುದು. ಎರಡು ಬೆರಳು ದಪ್ಪ ಕತ್ತರಿಸು ಎಂದಾಗ ಅಂಗಡಿಯವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡನಂತೆ. ಬೀದಿಯ ಇಸ್ತ್ರಿ ಅಂಗಡಿಯವರು ಒಂದು ಬುಟ್ಟಿ ಇದ್ದಿಲು ಕೊಟ್ಟಿದ್ದರು. ತಾರಸಿಯ ಮೂಲೆಯಲ್ಲಿ ಇಟ್ಟಿಗೆ ಹಾಸಿ ಬೆಂಕಿ ಹಾಕಿದೆವು. ಸುತ್ತ ನೀರಿನ ಟ್ಯಾಂಕುಗಳು, ಒಣಗಲು ಹಾಕಿದ ಸಮವಸ್ತ್ರಗಳು, ದೂರದಲ್ಲಿ ಕಾರ್ಖಾನೆಗಳ ಶೀಟಿನ ಚಾವಣಿ.

ಜ್ವಾಲೆ ಎದ್ದ ಕೂಡಲೇ ವೆಲ್ಡರ್ ಮಾಂಸ ಇಡಲು ಹೋದರು. ಅರ್ಜೆಂಟೀನಾದವರು ತಡೆದರು. ಜ್ವಾಲೆ ಇಳಿಯಬೇಕು, ಕೆಂಡದ ಮೇಲೆ ಬೂದಿ ಬಿಳಿಯಾಗಬೇಕು. ಅಂಗೈಯನ್ನು ಕೆಂಡದ ಮೇಲೆ ಚಾಚಿ ತಮ್ಮ ಭಾಷೆಯಲ್ಲಿ ಎಣಿಸಿದರು, ಐದಕ್ಕೆ ಕೈ ಹಿಂತೆಗೆದರು. ನನಗೂ ಹಾಗೆ ಮಾಡಲು ಹೇಳಿದರು. ನಾನು ನಾಲ್ಕಕ್ಕೇ ತೆಗೆದೆ. ಆಮೇಲೆ ಬರೀ ಕಲ್ಲುಪ್ಪು, ಬೇರೇನೂ ಇಲ್ಲ. ಮಾಂಸ ಜಾಲರಿಗೆ ತಾಗಿ ಚುರ್ ಎಂದಿತು.

ವಾಸನೆ ಎದ್ದಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದೆ. ಅವರು ಗಮನಿಸಿದರು. ಕೈಯಲ್ಲಿ ಇಕ್ಕಳ ಹಿಡಿದೇ ಹತ್ತಿರ ಬಂದರು. "ನಿನಗೆ ಕಷ್ಟವಾಗುತ್ತಿದೆಯಾ? ನಿಲ್ಲಿಸೋಣವಾ?"

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ವಾಸನೆ ಕಷ್ಟ ಸಾರ್. ಆದ್ರೆ ನಿಲ್ಲಿಸ್ಬೇಡಿ. ನೀವು ಅಜ್ಜ ಆಗಿದೀರಿ."

ಅವರು ತಲೆಯಾಡಿಸಿ, ನನ್ನನ್ನು ಗಾಳಿ ಬರುವ ಕಡೆಗೆ ನಿಲ್ಲಿಸಿ ಹೋದರು. ವೆಲ್ಡರ್‌ನ ಹೆಂಡತಿ ನನಗಾಗಿ ಬೇರೆ ಒಲೆ, ಹೊಸದಾಗಿ ತೊಳೆದ ಹಂಚು ತಂದಿಟ್ಟರು. ನಾನು ಹೇಳದೆಯೇ ಅವರು ಅದನ್ನು ಮೊದಲೇ ಅಣಿಮಾಡಿಟ್ಟಿದ್ದರು. ನಾನು ರೊಟ್ಟಿ ತಟ್ಟಿದೆ, ಬದನೆಕಾಯಿ ಸುಟ್ಟೆ.

ಮಾಂಸವನ್ನು ಹಲಗೆಯ ಮೇಲಿಟ್ಟು ಕೊಯ್ದಾಗ ಒಳಗೆ ಗುಲಾಬಿ ಬಣ್ಣವಿತ್ತು. "ಅಯ್ಯಯ್ಯೋ, ಇನ್ನೂ ಹಸೀನೇ ಇದೆಯಲ್ಲಾ ಸಾರ್!" ಎಂದು ವೆಲ್ಡರ್‌ನ ಹೆಂಡತಿ ತಮ್ಮ ತುಂಡನ್ನು ಮತ್ತೆ ಕೆಂಡದ ಮೇಲೆ ಹಾಕಿ, ಮೆಣಸಿನ ಪುಡಿ ಉದುರಿಸಿ, ಕಪ್ಪಾಗುವವರೆಗೆ ಸುಟ್ಟರು. ಅರ್ಜೆಂಟೀನಾದವರು ಕಣ್ಣು ಮುಚ್ಚಿಕೊಂಡು ಆ ಅನ್ಯಾಯವನ್ನು ಸಹಿಸಿದರು. ಆಮೇಲೆ ಅದರಲ್ಲೊಂದು ಚೂರು ರುಚಿ ನೋಡಿ, ಇನ್ನೊಂದು ಚೂರು ಕೇಳಿದರು. ಎಲ್ಲರಿಗೂ ಬಡಿಸಿದ ಮೇಲೆಯೇ ತಾವು ಕೂತರು. ಮೊದಲ ತುತ್ತು ನಿಧಾನವಾಗಿ ಅಗಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ವೆಲ್ಡರ್ ಮೆಲ್ಲಗೆ "ಹೊಗೆ ಸಾರ್?" ಎಂದು ಕೇಳಿದರು. "ಹೌದು, ಹೊಗೆ" ಎಂದರು ಅವರು.

ಆಮೇಲೆ ಮಗಳಿಗೆ ಫೋನ್ ಮಾಡಿದರು. ಅಲ್ಲಿ ಬೆಳಗಿನ ಜಾವ. ಮಗು ಎದ್ದಿತ್ತು, ಹಾಗಾಗಿ ತಾಯಿಯೂ ಎದ್ದಿದ್ದಳು. ಫೋನನ್ನು ಕೆಂಡದ ಕಡೆ, ಜಾಲರಿಯ ಕಡೆ, ನಮ್ಮೆಲ್ಲರ ಕಡೆ ತಿರುಗಿಸಿದರು. ಅವರು ಏನು ಹೇಳಿದರೋ ತಿಳಿಯಲಿಲ್ಲ, ಆ ಕಡೆ ಮಗಳು ನಗುತ್ತಾ ಅಳುತ್ತಿದ್ದಳು.

ಸಂಜೆ ಮನೆಗೆ ಬಂದವಳು ನೇರ ಬಚ್ಚಲಿಗೆ ಹೋದೆ. ತಲೆಗೆ ಸ್ನಾನ ಮಾಡಿ ಬಂದರೂ ಕೂದಲಿನಿಂದ ಹೊಗೆಯ ವಾಸನೆ ಹೋಗಿರಲಿಲ್ಲ. ಅತ್ತೆ ಸೋಫಾದ ಮೇಲೆ ಕೂತಿದ್ದರು. ನಾನು ಎದುರು ಕೂತು ಎಲ್ಲ ಹೇಳಿಬಿಟ್ಟೆ.

"ನೀ ತಿಂದಿಯೇನು?" ಎಂದು ಕೇಳಿದರು.

"ಇಲ್ಲ ಅತ್ತಿ. ರೊಟ್ಟಿ, ಬದನಿಕಾಯಿ."

"ಮತ್ತ ಸುಳ್ಳು ಯಾಕ ಹೇಳಿದಿ? ಅವರ ಉಣಿಸು ಅವರಿಗೆ, ನಮ್ಮದು ನಮಗ. ಮೊಮ್ಮಗಳು ಹುಟ್ಟ್ಯಾಳ ಅಂದ್ರ ಅವ್ರಿಗೆ ಹೊಟ್ಟಿ ತುಂಬಾ ಉಣ್ಣಾಕ ಬ್ಯಾಡೇನು? ನನಗ ಸಿಟ್ಟು ಬಂದದ್ದು ಸುಳ್ಳಿಗೆ."

ನಾನು ತಪ್ಪಾಯಿತು ಎಂದೆ. ಅವರು ಸೋಫಾದಿಂದ ಏಳುತ್ತಾ, "ಮುಂದಿನ ಐತವಾರ ಇಲ್ಲಿಗೆ ಕರಕೊಂಡ ಬಾ. ಹೋಳಿಗಿ ಮಾಡ್ತೀನಿ. ಆ ವೆಲ್ಡರಪ್ಪನ್ನೂ, ಅವನ ಹೆಂಡತೀನೂ" ಎಂದರು.

ಮೂವರೂ ಬಂದರು. ಅರ್ಜೆಂಟೀನಾದವರು ಬಾಗಿಲಲ್ಲಿ ಶೂ ಬಿಚ್ಚಲು ಬಗ್ಗಿದಾಗ ಅತ್ತೆ ಒಳಗಿನಿಂದಲೇ "ಬರ್ರಿ, ಬರ್ರಿ, ಅಜ್ಜಾರ" ಎಂದು ಕರೆದರು. ಅದರ ಅರ್ಥವೇನೆಂದು ಅವರು ನನ್ನನ್ನು ಕೇಳಿದರು. ನಾನು ಹೇಳಿದೆ. ಆ ದಿನ ಅವರು ಆರು ಹೋಳಿಗೆ ತಿಂದರು, ತುಪ್ಪವನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡರು.