ದಾರದ ತುದಿಯ ನಟ್ಟು

ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುವಾಗ, ದಾರಕ್ಕೆ ಕಟ್ಟಿದ ಕಬ್ಬಿಣದ ನಟ್ಟೊಂದು ಬೆರಳಿಗೆ ತಾಗಿತು. ಮೂಸಿ ನೋಡಿದೆ. ಗ್ರೀಸಿನ ವಾಸನೆ ಇನ್ನೂ ಇತ್ತೋ, ನನಗೇ ಹಾಗನ್ನಿಸಿತೋ...

ಎಂಬತ್ತರ ದಶಕದ ಮೊದಲ ವರ್ಷಗಳು. ಚನ್ನಗಿರಿಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಮೇಸ್ತ್ರಿ ಅಣ್ಣನ ಗ್ಯಾರೇಜು. ನಮ್ಮ ಯಜಮಾನರು ಹಳೆಯ ಕಾರು ಕೊಂಡಿದ್ದರು. ಅದರ ಮೂತಿ ತಗ್ಗಿ, ನೆಲ ಸವರಿಕೊಂಡು ಹೋಗಬೇಕೆಂಬುದು ಅವರ ಹಂಬಲ.

"ಬ್ಯಾಡ್ರೀ ಸಾವ್ಕಾರ್ರೆ, ಚಕ್ರದ ನಿಲುವು ಕೆಡ್ತೈತೆ," ಅಂದಿದ್ದ ಮೇಸ್ತ್ರಿ ಅಣ್ಣ.

"ಬರಲ್ಲ ಅಂದ್ರೆ ಬರಲ್ಲ ಅನ್ನು ಮಾರಾಯ. ಶಿವಮೊಗ್ಗದಾಗೆ ಮಾಡಾಕೆ ಜನ ಅದಾರೆ."

ಆ ಮಾತು ಚುಚ್ಚಿತೇನೋ. ಮುಂದಿನ ಎರಡೂ ಸ್ಪ್ರಿಂಗಿನಿಂದ ಒಂದೊಂದು ಸುತ್ತು ಕತ್ತರಿಸಿಬಿಟ್ಟ. ಕಾರು ಹಾಲು ಕುಡಿದ ಬೆಕ್ಕಿನಂತೆ ಕುಳಿತಿತು.

ಮರುದಿನ ಅದರಲ್ಲೇ ನಾನು ಬಸವಾಪಟ್ಟಣದ ತವರಿಗೆ ಹೊರಡಬೇಕಿತ್ತು. ಆಗ ನಾನು ಏಳು ತಿಂಗಳ ಬಸುರಿ. ಬೆಳಿಗ್ಗೆಯೇ ಮೇಸ್ತ್ರಿ ಅಣ್ಣ ಕಿಟಕಿಗೆ ಬಂದು ದಾರ ಕೇಳಿದ. ತುದಿಗೆ ನಟ್ಟು ಕಟ್ಟಿ, ಮುಂದಿನ ಚಕ್ರದ ಪಕ್ಕ ಇಳಿಬಿಟ್ಟ. ದಾರ ನೆಟ್ಟಗಿತ್ತು, ಚಕ್ರದ ತಲೆ ಒಳಕ್ಕೆ ವಾಲಿತ್ತು. ಅವನ ಮುಖ ಸಣ್ಣಗಾಯಿತು.

"ತಂಗಿ, ನೀ ಹತ್ಬ್ಯಾಡ. ಮೊದ್ಲು ನಾ ಕೂತು ನೋಡಿ ಬರ್ತೀನಿ. ಕೆಡಿಸಿದವ ನಾನೇ."

ನಮ್ಮವರು ಗೊಣಗುತ್ತಲೇ ಕಾರು ಹೊರಡಿಸಿದರು. ಹೊಸಿಲಲ್ಲಿ ಕುಳಿತು ಕಾದೆ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು... ಇಬ್ಬರೂ ನಡೆದು ಬಂದರು. ನಮ್ಮವರ ಹಣೆ ತರಚಿತ್ತು. ಮೇಸ್ತ್ರಿ ಅಣ್ಣನ ಬಲಗೈ ಟವೆಲ್ಲಿನ ಜೋಳಿಗೆಯಲ್ಲಿತ್ತು.

"ಸಾವ್ಕಾರ್ರು ಗದ್ದೆ ನೋಡಾಕೆ ಇಳಿದಿದ್ರು ತಂಗಿ, ಕಾರಿನ ಸಮೇತ," ಎಂದು ನಕ್ಕ.

ನಮ್ಮವರು ನಗಲಿಲ್ಲ. ತಿರುವಿನಲ್ಲಿ ಒಂದು ಗುಂಡಿ, ಅಷ್ಟೇ. ತಗ್ಗಿದ ಮೂತಿ ಧಡ್ ಎಂದು ತಳ ಮುಟ್ಟಿದೆ. ಸ್ಟೇರಿಂಗ್ ಹಿಡಿದ ಕೈ ನೇರವಾಗಿದ್ದರೂ ಚಕ್ರಗಳು ತಾವೇ ಹೊರಳಿವೆ. ಮೇಸ್ತ್ರಿ ಅಣ್ಣ ಕೂತಿದ್ದ ಬದಿಯೇ ಬದುವಿಗೆ ಬಡಿದಿತ್ತು.

ಎಂಟು ದಿನ ಬಿಟ್ಟು, ಗುಜರಿಯಿಂದ ಪೂರ್ತಿ ಸ್ಪ್ರಿಂಗ್ ತಂದು ಒಂದೇ ಕೈಯಲ್ಲಿ ಕೂರಿಸಿದ. ಮತ್ತೆ ದಾರ ಇಳಿಬಿಟ್ಟು ನನ್ನನ್ನು ಕರೆದು ತೋರಿಸಿದ. "ಈಗ ಹತ್ತು," ಎಂದು ದಾರವನ್ನು ನನ್ನ ಕೈಗಿಟ್ಟ. ಕತ್ತರಿಸಿದ ಸುತ್ತೊಂದನ್ನು ಗ್ಯಾರೇಜಿನ ಬಾಗಿಲಿಗೆ ನೇತುಹಾಕಿದ್ದ. ಕಾರು ತಗ್ಗಿಸು ಅಂತ ಯಾರೇ ಬಂದರೂ ಅದನ್ನೇ ತೋರಿಸುತ್ತಿದ್ದ, ಅಂದು ಮುರಿದ ಬಲಗೈಯ ಸೊಟ್ಟ ಮಣಿಕಟ್ಟಿನಿಂದ. ಅದು ಕೊನೆಯವರೆಗೂ ನೆಟ್ಟಗಾಗಲೇ ಇಲ್ಲ.

ಗೋಡೆಯಾಚೆ ಸುತ್ತಿಗೆಯ ಸದ್ದು ನಿಂತು ವರ್ಷಗಳಾದವು. ನಟ್ಟನ್ನು ಬೆರಳಿನಿಂದ ಇಳಿಬಿಟ್ಟೆ. ಅತ್ತಿತ್ತ ತೂಗಿ, ನಿಂತಿತು. ಅಂದು ಹೊಟ್ಟೆಯಲ್ಲಿದ್ದ ಮಗಳು ಒಳಗಿನಿಂದ ಕೂಗಿದಳು: "ಅಮ್ಮ, ಗುಂಡಿ ಸಿಕ್ತಾ?"