ಖಾಲಿ ಎಂದು ತಂದ ರೈಫಲ್

ಬಂದೂಕು ರಿಪೇರಿ ಮಾಡುವವಳಿಗೆ ಬಂದೂಕೆಂದರೆ ಭಯ! ಮೀನು ಮಾರುವವಳು ಮೂಗು ಮುಚ್ಚಿಕೊಂಡ ಹಾಗಾಯಿತು ಎಂದು ಆಡಿಕೊಂಡು ಜನ ಅವಳಿಗೆ ಪುಕ್ಕಲಕ್ಕ ಎಂದೇ ಹೆಸರಿಟ್ಟಿದ್ದರು. ಪೊರಕೆ ಹಿಡಿದರೂ ತುದಿಯನ್ನು ಯಾರ ಕಡೆಗೂ ತಿರುಗಿಸುವವಳಲ್ಲ ಎನ್ನುವುದು ಗಂಡನ ಕುಚೋದ್ಯ. ನಗುವವರಿಗೇನು, ನಗುತ್ತಾರೆ. ಅವಳಿಗೆ ಈ ಕಸುಬು ಕಲಿಸಿದ ಅಪ್ಪನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಖಾಲಿ ಎಂದು ಯಾರೋ ಕೊಟ್ಟ ಬಂದೂಕು ಆ ಕಿವಿಯ ಪಕ್ಕದಲ್ಲೇ ಢಮ್ಮೆಂದಿತ್ತು. ಅಂಥವನ ಕೈಕೆಳಗೆ ಕಲಿತವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಅಂಗಡಿಯ ಮೂಲೆಯಲ್ಲಿ ಮರಳು ತುಂಬಿದ ಪೆಟ್ಟಿಗೆಯಿತ್ತು. ರಿಪೇರಿಗೆ ಬಂದದ್ದು ಯಾವುದೇ ಇರಲಿ, ಮೊದಲು ಅದರ ಮೂತಿ ಆ ಪೆಟ್ಟಿಗೆಯ ಕಡೆ ತಿರುಗಬೇಕು, ಉಳಿದ ಮಾತು ಆಮೇಲೆ.

ಆ ಮಧ್ಯಾಹ್ನ ಬಂದವರು ಭಾವ, ಗಂಡನ ಅಣ್ಣ. ಕೋಳಿ ಫಾರಂ ಇಟ್ಟುಕೊಂಡವರು, ಬಾಯಿ ಸ್ವಲ್ಪ ಜೋರು. ಹೆಗ್ಗಣ ಹೊಡೆಯಲು ಅವರ ಬಳಿ ಗುಂಡು ಕೂರಿಸಿದ ಸಣ್ಣ ತೋಟೆ ಹಾಕುವ ರೈಫಲ್ ಇತ್ತು. ಒಂದು ಹೊಡೆದರೆ ಹಿತ್ತಾಳೆಯ ಖಾಲಿ ಕೋಶವನ್ನು ತಾನೇ ಹೊರಗೆಸೆದು ಇನ್ನೊಂದು ತೋಟೆಯನ್ನು ಏರಿಸಿಕೊಳ್ಳುವಂಥದು. ಈಗ ಎರಡು ಹೊಡೆಯುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು.

"ಖಾಲಿ ಇದೆ. ಮ್ಯಾಗಜೀನ್ ತೆಗ್ದಿದೀನಿ. ಬೋಲ್ಟ್ ಎಷ್ಟು ಸಲ ಎಳೆದ್ರೂ ಒಂದು ತೋಟೇನೂ ಹೊರಗೆ ಬರ್ಲಿಲ್ಲ," ಎಂದು ರೈಫಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು.

ಅದನ್ನು ತಿರುಗಿಸಲು ಅವಳು ಕೈಚಾಚಿದಳು.

"ಶುರುವಾಯ್ತಲ್ಲ ನಿನ್ ನಾಟಕ! ಹಗ್ಗ ಕಂಡ್ರೂ ಹಾವು ಅಂತೀಯಲ್ಲಮ್ಮಾ. ನನ್ ಮಾತಿಗೆ ಅಷ್ಟೂ ಬೆಲೆ ಇಲ್ವಾ?"

ಹಿರಿಯರು, ಮನೆಯವರು. ಪುಕ್ಕಲಕ್ಕ ಅನ್ನಿಸಿಕೊಂಡು ಅನ್ನಿಸಿಕೊಂಡು ಅವಳಿಗೂ ಸಾಕಾಗಿತ್ತು. ಹೋಗಲಿ, ಇದೊಂದು ಸಲ ಎಂದು ಕೈ ಹಿಂತೆಗೆದಳು. ಮೂತಿ ಒಳಮನೆಯ ಪರದೆಯ ಕಡೆಗಿತ್ತು. ಪರದೆಯ ಆಚೆ ಅತ್ತೆ, ಭಾವನ ಹೆತ್ತ ತಾಯಿ, ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದರು.

"ಸಿಕ್ಹಾಕ್ಕೊಳ್ಳೋದು ಹೇಗೆ ಭಾವ?" ಎಂದು ಸ್ಕ್ರೂ ಸಡಿಲಿಸುತ್ತ ಕೇಳಿದಳು.

"ಹೊಡೆದ ಮೇಲೆ ಖಾಲಿದು ಒಳಗೇ ಕಚ್ಕೊಂಡಿರತ್ತೆ. ಹಿಂದಿನಿಂದ ಬರೋ ತೋಟೆ ಅದಕ್ಕೆ ಗುದ್ದತ್ತೆ."

ಹಾಗಾದರೆ ಕೊಕ್ಕೆ ಸವೆದಿದೆ ಎಂದುಕೊಂಡಳು. ತೋಟೆಯ ಅಂಚು ಹಿಡಿದು ಹೊರಗೆಳೆಯುವ ಪುಟ್ಟ ಕೊಕ್ಕೆ ಅದು. ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಖಾಲಿ ಕೋಶವನ್ನೇ ಎಳೆಯದ ಕೊಕ್ಕೆ ಗುಂಡಿರುವ ತೋಟೆಯನ್ನು ಎಳೆಯುತ್ತದೆಯೇ? ಒಂದೂ ಹೊರಗೆ ಬರಲಿಲ್ಲ ಎಂದರೆ ಒಳಗೆ ಏನೂ ಇಲ್ಲ ಎಂದಲ್ಲ.

ಅವಳ ಜೀವ ಬಾಯಿಗೆ ಬಂತು. ಸ್ಕ್ರೂ ಅರ್ಧ ಸಡಿಲವಾಗಿದೆ, ಅಲುಗಿಸಲೂ ಭಯ, ಬಿಡಲೂ ಭಯ. ಕೂತಿರುವಷ್ಟು ಹೊತ್ತು ಮೂತಿ ಅತ್ತೆಯ ತಲೆಗಿಂತ ಮೇಲಿರುತ್ತದೆ, ಎದ್ದರೆ ನೇರ ಎದೆಗೆ. ಕರೆದು ಹೇಳೋಣವೆಂದರೆ ಆಕೆ ಕರೆದ ತಕ್ಷಣ ಏನಮ್ಮಾ ಎಂದು ಎದ್ದು ಬರುವ ಪೈಕಿ.

"ಟೀ ಇಡ್ಲೇನೋ?" ಒಳಗಿನಿಂದ ಅತ್ತೆಯ ದನಿ. ಜೊತೆಗೇ ಮೊಣಕಾಲಿಗೆ ಕೈಯೂರಿ ಏಳುವವರ ನಿಟ್ಟುಸಿರು.

"ಏಳಬೇಡಿ ಅತ್ತೆ! ಕೂತಿರಿ!"

ಅತ್ತೆಯ ಮುಂದೆ ಎಂದೂ ದನಿಯೆತ್ತದವಳು ಕಿರುಚಿಬಿಟ್ಟಿದ್ದಳು. ಒಳಗೆ ಧೊಪ್ಪನೆ ಕೂತ ಸದ್ದಾಯಿತು. ಟ್ರಿಗರಿನ ಹತ್ತಿರಕ್ಕೂ ಬೆರಳು ಸುಳಿಯದಂತೆ ರೈಫಲನ್ನು ಎತ್ತಿ, ಉಸಿರು ಬಿಗಿಹಿಡಿದು, ಮೂತಿಯನ್ನು ಮರಳಿನ ಪೆಟ್ಟಿಗೆಗೆ ತಿರುಗಿಸಿದಳು. ಬೋಲ್ಟ್ ಹಿಂದಕ್ಕೆಳೆದು ದೀಪ ಹಿಡಿದಾಗ ಒಳಗೆ ಹಿತ್ತಾಳೆಯ ಅಂಚು ಮಿನುಗಿತು. ಸೂಜಿಯಂಥ ಕಡ್ಡಿಯಿಂದ ಮೀಟಿ ಮೀಟಿ ಹೊರತೆಗೆದಳು. ತುದಿಯಲ್ಲಿ ಸೀಸದ ಗುಂಡು ಹಾಗೇ ಕೂತಿತ್ತು.

"ಅಯ್ಯೋ, ಇದೆಲ್ಲಿತ್ತು!" ಎಂದರು ಭಾವ. ಮುಖ ಬಿಳಿಚಿಕೊಂಡಿತ್ತು.

ಅವಳು ಅದನ್ನು ಬೆಳಕಿಗೆ ಹಿಡಿದಳು. ಟ್ರಿಗರ್ ಒತ್ತಿದಾಗ ಈ ಜಾತಿಯ ತೋಟೆಗೆ ಪಿನ್ನು ಬಡಿಯುವುದು ಅಂಚಿಗೆ. ಅಂಚಿನಲ್ಲಿ ಒಂದು ಸಣ್ಣ ತಗ್ಗಿತ್ತು. ಬಡಿದಿದೆ, ಅದೇನು ಪುಣ್ಯವೋ ಸಿಡಿದಿಲ್ಲ.

"ಭಾವ, ಖಾಲಿ ಅಂದ್ಕೊಂಡ್ಮೇಲೆ ಟ್ರಿಗರ್ ಒತ್ತಿದ್ರಾ?"

"ಹೂಂ. ಟಕ್ ಅಂತು, ಅಷ್ಟೇ."

"ಯಾವ ಕಡೆ ಹಿಡ್ಕೊಂಡು?"

ಭಾವ ಸ್ಟೂಲು ತಡವಿಕೊಂಡು ಕೂತರು.

"ಮಗಳು ರೈಫಲ್ ಕಂಡ್ರೆ ಹೆದರ್ತಾಳೆ ಕಣಮ್ಮಾ. ಹೆದರ್ಬೇಡ, ಖಾಲಿ ಇದೆ, ನೋಡು ಬೇಕಾದ್ರೆ ಅಂತ... ಅವಳ ಕಡೆಗೇ ಹಿಡಿದು ಒತ್ತಿ ತೋರಿಸ್ದೆ."