ಹಿಂದಿನ ಸೀಟು

ನನ್ನ ಗಂಡ ಕಾರು ಹುಡುಕಲು ಶುರು ಮಾಡಿದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಕೊಂಡು. ಎದೆಗೆ ಅಂಟಿಸಿದ ತಂತಿಗಳನ್ನು ಇನ್ನೂ ತೆಗೆದಿರಲಿಲ್ಲ. ಗಂಜಿಯ ಚಮಚ ಬಾಯಿಗೆ ಹಿಡಿದರೆ ಮುಖ ಆಚೆ ತಿರುಗಿಸಿ, "ನಮ್ಗೊಂದು ಜೋರು ಗಾಡಿ ಬೇಕು ಮಾರಾಯ್ತಿ" ಎಂದರು. ನಾನು ಬೈದೆ. ಜೀವ ಉಳಿದದ್ದೇ ದೊಡ್ಡದು, ಗಾಡಿಯಂತೆ ಗಾಡಿ, ಮೊದಲು ಗಂಜಿ ನುಂಗಿ ಎಂದೆ. ಬೈಯುವಾಗಲೇ ಅವರು ಹೇಳುವುದರಲ್ಲಿ ನ್ಯಾಯವಿದೆ ಅನ್ನಿಸಿತ್ತು.

ಕುಮಟಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದೆ ಹಿಡಿದುಕೊಂಡರೆ ಊರಿನ ಆಸ್ಪತ್ರೆಯಲ್ಲಿ ಮಾಡುವಷ್ಟು ಮಾಡಿ, ಚೀಟಿ ಬರೆದು, "ಮುಂದೆ ಕರ್ಕೊಂಡು ಹೋಗಿ" ಎನ್ನುತ್ತಾರೆ. ಮುಂದೆ ಎಂದರೆ ದಕ್ಷಿಣಕ್ಕೆ. ಹೊನ್ನಾವರ, ಮಂಕಿ, ಶಿರಾಲಿ, ಭಟ್ಕಳ ದಾಟಿ, ಜಿಲ್ಲೆಯನ್ನೇ ದಾಟಿ, ಉಡುಪಿಯ ಕಡೆಗೆ. ನಮ್ಮ ಓಣಿಯಿಂದಲೇ ಹಾಗೆ ಹೊರಟ ಇಬ್ಬರು ಅರ್ಧ ದಾರಿಯಿಂದ ತಿರುಗಿ ಬಂದಿದ್ದಾರೆ. ಅವರನ್ನು ಇಳಿಸಿಕೊಳ್ಳಲು ನಾವೂ ಹೋಗಿದ್ದೆವು.

ಮೊದಲ ಸಲ ಇವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದೆವು. ಮೂಗಿಗೆ ಆಮ್ಲಜನಕ ಹಾಕಿದ್ದರೂ ಇವರ ಬಾಯಿ ಸುಮ್ಮನಿರಲಿಲ್ಲ. "ಈ ತಿರುವಲ್ಲಿ ಯಾರಾದ್ರೂ ಬ್ರೇಕ್ ಹಾಕ್ತಾರಾ? ಗೇರ್ ಇಳಿಸೂಕೆ ಹೇಳು ಅವಂಗೆ" ಎಂದು ನನ್ನ ಕೈ ಹಿಸುಕುತ್ತಿದ್ದರು. ಅವರ ತಪ್ಪಲ್ಲ. ಮೂವತ್ತು ವರ್ಷ ಮೀನಿನ ಗಾಡಿ ಓಡಿಸಿದವರು. ಮಂಜುಗಡ್ಡೆ ಕರಗುವುದರೊಳಗೆ ಮಡಗಾಂವ ಮುಟ್ಟಬೇಕು, ಇಲ್ಲವಾದರೆ ಮಂಗಳೂರು. ಆಮೇಲೆ ತಮ್ಮದೇ ಎರಡು ಗಾಡಿ ಮಾಡಿ, ಇಬ್ಬರು ಚಾಲಕರನ್ನು ಇಟ್ಟುಕೊಂಡ ಮೇಲೂ ರಸ್ತೆಯ ಹುಚ್ಚು ಬಿಟ್ಟಿರಲಿಲ್ಲ. ಆ ಹೆದ್ದಾರಿಯ ಒಂದೊಂದು ಹೊಂಡವೂ ಅವರಿಗೆ ನೆಂಟರ ಹಾಗೆ ಪರಿಚಯ.

ಅಲ್ಲಿಯ ಡಾಕ್ಟರು ಒಳ್ಳೆಯ ಮಾತಿನವರು. ಇನ್ನು ಸ್ವಲ್ಪ ಬೇಗ ತಂದಿದ್ದರೆ ಹೃದಯದ ಒಂದು ಭಾಗ ಕೆಡುತ್ತಿರಲಿಲ್ಲ, ಇನ್ನೊಮ್ಮೆ ಹೀಗಾದರೆ ಒಂದು ನಿಮಿಷವೂ ಕಾಯಬೇಡಿ ಎಂದರು. ಭಾರ ಎತ್ತಬಾರದು, ಲಾರಿ ಓಡಿಸಬಾರದು, ಸಿಟ್ಟು ಮಾಡಬಾರದು ಎಂದೂ ಹೇಳಿದರು. ಕೊನೆಯದನ್ನು ಹೇಳುವಾಗ ನನ್ನ ಕಡೆ ನೋಡಿದರು. ಇವರ ಕಿವಿಗೆ ಬಿದ್ದದ್ದು "ಬೇಗ" ಎನ್ನುವ ಒಂದೇ ಮಾತು.

ಮನೆಗೆ ಬಂದ ಮೇಲೆ ನಮಗೆ ಬೇರೆ ಮಾತೇ ಇರಲಿಲ್ಲ. ನಮಗೆ ಮಕ್ಕಳಿಲ್ಲ, ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸಂಜೆ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದು ಮೊಬೈಲಿನಲ್ಲಿ ಕಾರುಗಳನ್ನು ತೋರಿಸುತ್ತಿದ್ದರು. ಕೊನೆಗೆ ಎರಡು ಉಳಿದವು, ಎರಡೂ ಸೆಕೆಂಡ್‌ಹ್ಯಾಂಡ್. ಒಂದು ಭಟ್ಕಳದ ಕಪ್ಪು ಎಸ್‌ಯುವಿ, ಎತ್ತರದ್ದು, ಎಂಜಿನ್ನಿಗೆ ಗೂಳಿಯ ಬಲ. ಇನ್ನೊಂದು ಹೊನ್ನಾವರದ ಗುತ್ತಿಗೆದಾರರೊಬ್ಬರ ಬಿಳಿ ಸೆಡಾನ್, ನೆಲಕ್ಕೆ ಅಂಟಿಕೊಂಡು ಓಡುವಂಥದ್ದು. ಇವರ ಮನಸ್ಸು ಬಿಳಿಯದರ ಮೇಲೆ. ನನ್ನದು ಕಪ್ಪಿನ ಮೇಲೆ. ಹೆದ್ದಾರಿಯ ಕೆಲಸ ಮುಗಿಯದ ಕಡೆ ಮಣ್ಣು ರಸ್ತೆಗೆ ಇಳಿಯಬೇಕು, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಎತ್ತರದ್ದಿದ್ದರೆ ಧೈರ್ಯ ಎಂಬುದು ನನ್ನ ವಾದ. ತಿರುವಿನಲ್ಲಿ ಎತ್ತರದ್ದು ಓಲಾಡುತ್ತದೆ, ಸೆಡಾನ್ ನೂರಿಪ್ಪತ್ತರಲ್ಲೂ ಹಂದುವುದಿಲ್ಲ ಎಂಬುದು ಅವರದು.

ಮೈದುನ ನನ್ನ ಪಕ್ಷ. ಅವನು ಹೊನ್ನಾವರ ಬಂದರಿನ ದೋಣಿಯೊಂದರ ತಾಂಡೇಲ, ಅಂದರೆ ದೋಣಿಯ ಚುಕ್ಕಾಣಿಯೂ ಯಜಮಾನಿಕೆಯೂ ಅವನದೇ. ಶರಾವತಿ ಕಡಲು ಸೇರುವಲ್ಲಿ ಮರಳದಿಬ್ಬ ಎಲ್ಲಿ ಸರಿದಿದೆ ಎಂದು ನೀರಿನ ಬಣ್ಣ ನೋಡಿ ಹೇಳುವವನು. "ಅಣ್ಣಾ, ತಗ್ಗಿನ ದೋಣಿ ತೆರೆಗೆ ತಡೂದಿಲ್ಲ. ಅತ್ತಿಗೆ ಹೇಳೂದೇ ಸರಿ, ಎತ್ತರದ್ದೇ ತಗೊ" ಎಂದ. "ರಸ್ತೆ ಮೇಲೆ ಎಂತ ತೆರೆಯೋ?" ಎಂದು ಇವರು ನಕ್ಕರು. ನನ್ನ ಹಾಗೆ ಆ ಮೈದುನನಿಗೂ ಕಾರು ಓಡಿಸಲು ಬರುವುದಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ. ಅವತ್ತು ಜಗಲಿಯ ಮೇಲೆ ಮೂವರೂ ಕೂತು ಚಹಾ ಕುಡಿಯುವಾಗ ಅದು ಯಾರ ತಲೆಗೂ ಬರಲಿಲ್ಲ.

ಚಾಲಕನ ಮನೆಯ ರೀತಿಯೇ ಹಾಗೆ. ಬಡಿಸುವವರು ಒಬ್ಬರಿದ್ದರೆ ಉಳಿದವರು ಎಲೆಯ ಮುಂದೆ ಕೂರುತ್ತಾರಲ್ಲ, ಹಾಗೆ ನಾವೆಲ್ಲ ಜನ್ಮವಿಡೀ ಕೂತೇ ಹೋದವರು. ಗಾಡಿ ಎಂದರೆ ಅದರಲ್ಲಿ ಇವರು ಇದ್ದೇ ಇರುತ್ತಾರೆ. ಸ್ಟಿಯರಿಂಗು ಹೇಗೆ ಗಾಡಿಯ ಭಾಗವೋ ಇವರೂ ಹಾಗೇ ಎಂದು ತಿಳಿದಿದ್ದೆವು.

ನನಗೆ ಕಲಿಸಲು ಒಮ್ಮೆ ನೋಡಿದ್ದರು. ಹತ್ತು ವರ್ಷಗಳ ಹಿಂದೆ, ನೀರಿಳಿದ ಹೊತ್ತಿನಲ್ಲಿ, ಕಡಲದಂಡೆಯ ಗಟ್ಟಿ ಮರಳಿನ ಮೇಲೆ ಹಳೆಯ ವ್ಯಾನ್ ನಿಲ್ಲಿಸಿ ನನ್ನನ್ನು ಮುಂದೆ ಕೂರಿಸಿದರು. ಎರಡು ಸಲ ಗಾಡಿ ಕುಪ್ಪಳಿಸಿ ನಿಂತಿತು. "ಕ್ಲಚ್ಚು! ಕ್ಲಚ್ಚು ಅಂದ್ರೆ ಎಂತ ಅಂತ ಹೇಳ್ಲಿಲ್ವಾ?" ಎಂದು ಕೂಗಿದರು. ಬಲೆ ಎಳೆಯುವವರೆಲ್ಲ ತಿರುಗಿ ನೋಡಿದರು. ಅವರಲ್ಲಿ ನನ್ನ ವಿದ್ಯಾರ್ಥಿಗಳ ತಂದೆಯರೂ ಇದ್ದರು. ಇಡೀ ಶಾಲೆಯ ಮೇಲೆ ಕೂಗುವವಳು ನಾನು, ನನ್ನ ಮೇಲೆ ಕೂಗಿಸಿಕೊಂಡು ಅಭ್ಯಾಸವಿರಲಿಲ್ಲ. ಬಾಗಿಲನ್ನು ಧಡಾರನೆ ಬಡಿದು ಸುಡುಬಿಸಿಲಿನಲ್ಲಿ ಮನೆಯವರೆಗೆ ನಡೆದುಕೊಂಡೇ ಬಂದೆ. ಇನ್ನು ಸ್ಟಿಯರಿಂಗ್ ಮುಟ್ಟಿದರೆ ಕೇಳಿ ಎಂದೆ. ರಾತ್ರಿ ಊಟಕ್ಕೆ ಕೂತಾಗ ಇವರೇ ರಾಜಿಗೆ ಬಂದರು. "ಆತು ಬಿಡೆ. ನೀ ಎಂತಕೆ ಕಲೀಬೇಕು? ನಾ ಇಲ್ವಾ?" ಎಂದರು. ಅದನ್ನು ಕೇಳಿ ನನಗೆ ಸಂತೋಷವೇ ಆಗಿತ್ತು. ನನ್ನ ಹಟ ಗೆದ್ದಿತು ಎಂದುಕೊಂಡಿದ್ದೆ. ಆ ಹಟವನ್ನು ಈಗ ಹಿಡಿದು ಚಚ್ಚಿಹಾಕಬೇಕು ಅನ್ನಿಸುತ್ತದೆ.

ಒಂದು ಭಾನುವಾರ ಎರಡೂ ಗಾಡಿ ನೋಡಲು ಹೊರಟೆವು. ಮೊದಲು ಹೊನ್ನಾವರದ ಬಿಳಿ ಕಾರು. ಇವರು ಅದನ್ನು ಸೇತುವೆ ದಾಟಿಸಿ ಮಂಕಿಯವರೆಗೆ ಓಡಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಗಾಡಿ ಓಡುತ್ತಿದೆಯೋ ಇಲ್ಲವೋ ತಿಳಿಯದಷ್ಟು ನುಣ್ಣಗೆ ಹೋಯಿತು. ಮಂಕಿಯಲ್ಲಿ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಮಲಗಿ ನೋಡಿದರು. ಮೊಣಕಾಲು ಮಡಚಿದರೂ ಪಾದ ಹೊರಗೇ ಉಳಿಯಿತು. "ಇದೊಂದೇ ಕೊರತೆ" ಎಂದು ಬೇಜಾರಿನಲ್ಲಿ ಎದ್ದರು.

ಆಮೇಲೆ ಭಟ್ಕಳಕ್ಕೆ ಹೋದೆವು. ಕಪ್ಪು ಗಾಡಿಯ ಮನೆಯ ಮಗ ದುಬೈಯಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗ ಓಡಿಸಲು ಕೊಂಡದ್ದು, ಉಳಿದ ದಿನವೆಲ್ಲ ಹೊದಿಕೆಯ ಕೆಳಗೆ. ಅವನ ತಂದೆ, ಎಪ್ಪತ್ತು ದಾಟಿದ ಸಾಹೇಬರು, ಒಳಗೆ ಹೆಂಗಸರೊಡನೆ ನವಾಯತಿಯಲ್ಲಿ ಮಾತಾಡಿ ನಮಗೆ ಶರಬತ್ತು ತರಿಸಿಕೊಟ್ಟರು. ಇವರು ಗಾಡಿಯನ್ನು ಶಿರಾಲಿಯವರೆಗೆ ಓಡಿಸಿ ತಂದರು. ವೇಗಕ್ಕೆ ತಲೆದೂಗಿದರು, ತಿರುವಿಗೆ ಮುಖ ಕಿವಿಚಿದರು. ಕೊನೆಗೆ ಹಿಂದಿನ ಸೀಟನ್ನು ಮುಂದಕ್ಕೆ ಮಡಚಿ ಹಾಸಿದಂತೆ ಮಾಡಿ ಅದರ ಮೇಲೆ ಉದ್ದಕ್ಕೆ ಮಲಗಿದರು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ.

"ಅಕ್ಕೋರೆ, ಎಲ್ರೂ ಮುಂದೆ ಕೂತು ಗಾಡಿ ನೋಡ್ತಾರೆ. ಇವ್ರು ಎಂತ, ಹಿಂದೆ ಮಲಗಿ ನೋಡೂದು?" ಎಂದರು.

ಇವರು ಮಲಗಿದಲ್ಲಿಂದಲೇ ಕೂಗಿದರು, "ಇಲ್ಲಿ ಕಾಲು ಮಡಚೂದೇ ಬೇಡ ಕಾಣೆ!"

ನಾನು ಪಕ್ಕದಲ್ಲೇ ನಿಂತಿದ್ದೆ. ಮುಂದಿನ ಸೀಟು ಖಾಲಿ ಇತ್ತು. ಅದು ಖಾಲಿ ಇರುವುದು ನನ್ನ ಕಣ್ಣಿಗೆ ಕಂಡಿತ್ತು. ಬಿಸಿಲು ಬಿದ್ದು ಸೀಟು ಕಾಯುತ್ತದೆ, ಒಂದು ಟವಲು ಹಾಕಬೇಕು ಎಂದಷ್ಟೇ ಯೋಚನೆ ಮಾಡಿದೆ.

ಅಲ್ಲಿಗೂ ತೀರ್ಮಾನವಾಗಲಿಲ್ಲ. ಹಾಸಿಗೆ ಕಪ್ಪಿನಲ್ಲಿ, ಮನಸ್ಸು ಬಿಳಿಯದರಲ್ಲಿ. ವಾರಗಟ್ಟಲೆ ಜಗಳವಾಡಿ ಕೊನೆಗೆ ದೇವಿಯ ಗುಡಿಗೆ ಪ್ರಸಾದ ಕೇಳಲು ಹೋದೆವು. ನಮ್ಮ ಕಡೆ ಮದುವೆ, ಮನೆ, ದೋಣಿ ಯಾವುದಕ್ಕೂ ಮನಸ್ಸು ಎರಡಾದರೆ ಹೀಗೆ ಕೇಳುತ್ತಾರೆ. ಪೂಜೆಯ ಗುನಗರು ಒದ್ದೆ ಹೂವಿನ ಎಸಳುಗಳನ್ನು ಮೂರ್ತಿಯ ಮೈಗೆ ಅಂಟಿಸಿ ನಮ್ಮ ಪ್ರಶ್ನೆಯನ್ನು ಒಪ್ಪಿಸಿದರು. ಬಲಗಡೆ ಬಿದ್ದರೆ ಕಪ್ಪು, ಎಡಗಡೆ ಬಿದ್ದರೆ ಬಿಳಿ. ಬಹಳ ಹೊತ್ತು ಯಾವುದೂ ಅಲುಗಲಿಲ್ಲ. ಇವರು ಕೈಮುಗಿದುಕೊಂಡೇ ಎಡಗಡೆ ಕಣ್ಣು ಹಾಯಿಸುತ್ತಿದ್ದರು. ಬಲಗಡೆಯ ಎಸಳು ಬಿತ್ತು.

"ಆತು, ಕಪ್ಪು" ಎಂದು ಗುನಗರು ಎಸಳನ್ನು ನನ್ನ ಕೈಗೆ ಹಾಕಿದರು. "ಇನ್ನೆಂತಾದ್ರೂ ಕೇಳೂದಿತ್ತಾ?"

ನನಗೆ ಕೇಳುವುದಿತ್ತು. ಇವರು ಇನ್ನೂ ಬಹಳ ದಿನ ಇರುತ್ತಾರೆಯೇ ಎಂದು ಕೇಳುವುದಿತ್ತು. ಎಡಗಡೆ ಬಿದ್ದು ಇಲ್ಲ ಎಂದರೆ ಎಂಬ ಹೆದರಿಕೆಗೆ ನಾಲಿಗೆ ಏಳಲಿಲ್ಲ. "ಎಂತ ಇಲ್ಲ" ಎಂದು ಇವರೇ ಹೇಳಿ ಹೊರಟುಬಿಟ್ಟರು. ದೇವಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ. ಓಡಿಸುವವರು ಯಾರು ಎಂದು ನಾವು ಕೇಳಲೇ ಇಲ್ಲ.

ಗಾಡಿ ಮನೆಗೆ ಬಂತು. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಇವರು ಅದನ್ನು ಮಗುವಿನ ಹಾಗೆ ಒರೆಸತೊಡಗಿದರು. ನಾನು ಹಿಂದಿನ ಸೀಟಿನ ಅಳತೆಗೆ ತೆಳು ಹಾಸಿಗೆ ಹೊಲಿಸಿದೆ, ದಿಂಬಿಗೆ ನೀಲಿ ಬಟ್ಟೆಯ ಹೊದಿಕೆ ಹಾಕಿದೆ. ಆಸ್ಪತ್ರೆಯ ಕಾಗದ, ನೀರಿನ ಬಾಟಲಿ, ನಾಲಿಗೆಯ ಕೆಳಗೆ ಇಡುವ ಗುಳಿಗೆ, ಎಲ್ಲ ಜೋಡಿಸಿದೆ. ಶಾಲೆಯಲ್ಲಿ ಪಾಠ ಮಾಡುವಾಗಲೂ ಆ ಹಾಸಿಗೆ ನೆನಪಾದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಇಷ್ಟು ತಯಾರಿ ಯಾರ ಮನೆಯಲ್ಲಿದೆ ಎಂದು ಜಂಬವೂ ಇತ್ತು.

ಅದು ಒಂದು ರಜೆಯ ದಿನ, ಬೆಳಿಗ್ಗೆ ಹತ್ತರ ಹೊತ್ತು. ಹಿತ್ತಿಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರು ಒಳಗೆ ಬಂದು ಕಂಬ ಹಿಡಿದು ನಿಂತರು. ಬನಿಯನ್ನು ಬೆವರಿನಲ್ಲಿ ತೊಯ್ದಿತ್ತು. "ಮತ್ತೆ ಬಂತು ಕಾಣ್ತದೆ. ಕೀ ತಕಂಡು ಬಾ" ಎಂದರು. ನಾನು ಗುಳಿಗೆ ಕೊಟ್ಟೆ, ಕೀ ತಂದೆ. ಆಂಬುಲೆನ್ಸಿಗೆ ಫೋನ್ ಮಾಡುತ್ತೇನೆ ಎಂದೆ. "ಅದು ಬರೂದ್ರೊಳಗೆ ನಾವು ಹೊನ್ನಾವರ ದಾಟಿರ್ತೇವೆ" ಎಂದರು. ಇಲ್ಲಿಯ ಆಸ್ಪತ್ರೆಗಾದರೂ ಮೊದಲು ಹೋಗೋಣ ಎಂದೆ. "ಕಡೀಗೆ ಅವ್ರೂ ಮುಂದೆ ಹೋಗಿ ಅಂತ್ಲೇ ಹೇಳೂದು. ಸುಮ್ನೆ ಹೊತ್ತು ಹೋತದೆ. ಹತ್ತು ನೀ" ಎಂದರು. ಅವರ ಇಬ್ಬರು ಚಾಲಕರಲ್ಲಿ ಒಬ್ಬ ಮಡಗಾಂವದಲ್ಲಿ, ಒಬ್ಬ ಮಂಗಳೂರಿನಲ್ಲಿ. ಮೈದುನ ಕಡಲಿನಲ್ಲಿ. ನಾನು ಅಡ್ಡ ನಿಲ್ಲಬೇಕಿತ್ತು, ಕೂಗಿ ಓಣಿಯ ಜನ ಸೇರಿಸಬೇಕಿತ್ತು. ಒಂದು ನಿಮಿಷವೂ ಕಾಯಬೇಡಿ ಎಂಬ ಡಾಕ್ಟರ ಮಾತು ನನ್ನ ತಲೆಯಲ್ಲೂ ಕೂತಿತ್ತು. ಹತ್ತಿ ಪಕ್ಕದಲ್ಲಿ ಕೂತೆ.

ಅವರು ಅವಸರ ಮಾಡಲಿಲ್ಲ. ಇದನ್ನು ಹೇಳಲೇಬೇಕು. ಅಡ್ಡಾದಿಡ್ಡಿ ನುಗ್ಗಲಿಲ್ಲ, ಯಾರಿಗೂ ಹಾರ್ನ್ ಹೊಡೆದು ಹೆದರಿಸಲಿಲ್ಲ. ಶರಾವತಿಯ ಸೇತುವೆಯ ಮೇಲೆ ಒಂದು ಕೈಯಿಂದ ಎದೆ ಒತ್ತಿಕೊಂಡರು. ಮಂಕಿಯಲ್ಲಿ, "ಬಿಳೇದಾಗಿದ್ರೆ ಇಷ್ಟೊತ್ತಿಗೆ ಭಟ್ಕಳದಲ್ಲಿರ್ತಿದ್ವು" ಎಂದು ನಗಲು ನೋಡಿದರು. "ಬಾಯಿ ಮುಚ್ಚಿ ಓಡಿಸಿ" ಎಂದೆ. ನಾನು ಅವರಿಗೆ ಸಿಟ್ಟಿನಲ್ಲಿ ಹೇಳಿದ ಕೊನೆಯ ಮಾತು ಅದು.

ಶಿರಾಲಿ ಸಮೀಪಿಸುವಾಗ ಎಡಗಡೆಯ ಇಂಡಿಕೇಟರ್ ಹಾಕಿದರು. ಕನ್ನಡಿ ನೋಡಿ, ಹಿಂದಿನ ಬಸ್ಸನ್ನು ಮುಂದೆ ಬಿಟ್ಟು, ಗದ್ದೆಯ ಬದಿಗೆ ಮರದ ನೆರಳಿನಲ್ಲಿ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು.

"ಆಗೂದಿಲ್ಲ. ಹಿಂದೆ ಹೋಗಿ ಸ್ವಲ್ಪ ಮಲಗ್ತೆ, ಆತಾ?"

"ಆತು, ಮಲಗಿ" ಎಂದೆ.

ಬೆಲ್ಟು ಬಿಚ್ಚಿದರು. ಬಾಗಿಲಿಗೆ ಹಾಕಿದ ಕೈಯನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದರು. ನಾನೂ ಅವರ ಮುಖ ನೋಡಿದೆ. ಎಂಜಿನ್ ಚಾಲೂ ಇತ್ತು, ದಾರಿ ಎದುರಿಗೆ ಖಾಲಿ ಇತ್ತು. ಆರು ತಿಂಗಳು ನಾವು ಕೇಳದೆ ಬಿಟ್ಟ ಪ್ರಶ್ನೆ ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಎಂತ ಕೆಲ್ಸ ಆತೆ ನಮ್ದು" ಎಂದರು. ಬೈಯಲಿಲ್ಲ. ಹಣೆಯನ್ನು ಸ್ಟಿಯರಿಂಗಿನ ಮೇಲೆ ಇಟ್ಟರು.

ನಾನು ಇಳಿದು ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದೆ. ಬದಿಗೆ ಇಂಡಿಕೇಟರ್ ಹಾಕಿ ನೀಟಾಗಿ ನಿಲ್ಲಿಸಿದ ಗಾಡಿ ನೋಡಿದವರಿಗೆ ಅಲ್ಲಿ ಏನೂ ಆಗಿಲ್ಲ ಅನ್ನಿಸಿರಬೇಕು. ಎಷ್ಟೋ ಗಾಡಿಗಳು ಹೋದವು. ಕೊನೆಗೆ ಗ್ಯಾಸ್ ಸಿಲಿಂಡರಿನ ಲಾರಿಯವನೊಬ್ಬ ನಿಲ್ಲಿಸಿ ಓಡಿ ಬಂದ. ಲಾರಿಯನ್ನು ಕ್ಲೀನರಿಗೆ ಬಿಟ್ಟು, ಇವರನ್ನು ಎತ್ತಿ ಹಿಂದೆ ಮಲಗಿಸಿ, ತಾನೇ ಸ್ಟಿಯರಿಂಗ್ ಹಿಡಿದು ಭಟ್ಕಳದ ಆಸ್ಪತ್ರೆಗೆ ಹಾರಿಸಿದ. ಗಾಡಿ ನಿಜಕ್ಕೂ ಜೋರು ಓಡಿತು. ಅಲ್ಲಿಯ ಡಾಕ್ಟರು ಗಾಡಿಯೊಳಗೇ ಬಾಗಿ, ಕೈ ಹಿಡಿದು ನೋಡಿ, ನನ್ನ ಮುಖ ನೋಡದೆ ಹಿಂದೆ ಸರಿದರು.

ನೀಲಿ ದಿಂಬಿನ ಮೇಲೆ ಅವರ ತಲೆ ಸರಿಯಾಗಿ ಕೂತಿತ್ತು. ಭಟ್ಕಳದಲ್ಲಿ ಅವತ್ತು ಅವರು ಹೇಳಿದ್ದು ನಿಜ. ಕಾಲು ಮಡಚಬೇಕಾಗಿರಲಿಲ್ಲ.